ಗುಂಡು ಹಾರಿಸುವಾಗ ಕಿವಿಯೂ ತೆರೆದಿರಲಿ: ಹೇಲೋ ಆಟಗಳಲ್ಲಿ ಎಐ ಕಥೆ ಹಿಡಿಯುವುದು ಹೇಗೆ

ಹೇಲೋ ಅನ್ನುವ ವಿಡಿಯೋ ಗೇಮ್ ಸರಣಿ ಆಡಿದವರನ್ನು ಮಾತಿಗೆ ಎಳೆದರೆ ಯಾವ ಗನ್ ಜೋರು, ಯಾವ ಲೆವೆಲ್ ಕಷ್ಟ, ವಾರ್ಟ್‌ಹಾಗ್ ಜೀಪನ್ನು ಪಲ್ಟಿ ಹೊಡೆಸದೆ ಓಡಿಸುವುದು ಹೇಗೆ ಅಂತ ಗಂಟೆಗಟ್ಟಲೆ ಹೇಳುತ್ತಾರೆ. ಅದರಲ್ಲಿನ ಗಿಲ್ಟಿ ಸ್ಪಾರ್ಕ್ ಅನ್ನುವ ಎಐ ಯಾಕೆ ನಮ್ಮ ಕಡೆಯ ಸಾರ್ಜೆಂಟ್ ಜಾನ್ಸನ್‌ನನ್ನು ಕೊಂದ ಅಂತ ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ನಡುವೆ ಕಥೆ ಹೇಳುವ ಕಟ್‌ಸೀನ್ ಸ್ಕಿಪ್ ಮಾಡಿರುತ್ತಾರೆ, ಇಲ್ಲಾ ಗುಂಡಿನ ಸದ್ದಿನಲ್ಲಿ ಡೈಲಾಗ್ ಕೇಳಿಸಿರುವುದೇ ಇಲ್ಲ. ಆದರೆ ಈ ಸರಣಿಯ ಜೀವ ಇರುವುದೇ ಅಲ್ಲಿ. ಹೊರಗಿನಿಂದ ನೋಡಿದರೆ ಸೈನಿಕ, ಏಲಿಯನ್, ಗನ್. ಒಳಗೆ ಇರುವುದು ಯುದ್ಧಕ್ಕೆಂದೇ ಮಾಡಿದ ಯಂತ್ರದ ಬುದ್ಧಿಗಳು ಮತ್ತು ಅವಕ್ಕೆ ಹುಕುಂ ಕೊಟ್ಟವರ ಕಥೆ.

ಇದೆಲ್ಲ ದೂರದ ಅಮೆರಿಕದ ಕಥೆ, ನಮಗೇನು ಅನ್ನಬೇಡಿ. 2022ರ ಜುಲೈ 1ರಂದು ಡಿಆರ್‌ಡಿಒ ಒಂದು ವಿಮಾನವನ್ನು ಚಿತ್ರದುರ್ಗದ ತನ್ನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಿಂದ ಮೊದಲ ಸಲ ಹಾರಿಸಿತು. ಒಳಗೆ ಪೈಲಟ್ ಇರಲಿಲ್ಲ. ನೆಲ ಬಿಟ್ಟು ಏಳುವುದು, ದಾರಿ ಹಿಡಿಯುವುದು, ಮತ್ತೆ ಮೆತ್ತಗೆ ಇಳಿಯುವುದು, ಎಲ್ಲವನ್ನೂ ಅದೇ ಮಾಡಿಕೊಂಡಿತು. ಆ ರೇಂಜ್ ಇರುವುದು ಚಳ್ಳಕೆರೆ ಕಡೆ, ದಾವಣಗೆರೆಯಿಂದ ಬಸ್ಸಲ್ಲಿ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವಷ್ಟು ಹತ್ತಿರ. ಹಾಗಾಗಿ ಯುದ್ಧಕ್ಕೆ ಹೋಗುವ ಯಂತ್ರಕ್ಕೆ ಎಷ್ಟು ಸ್ವಂತ ಬುದ್ಧಿ ಕೊಡಬೇಕು, ಅದು ಯಾರ ಮಾತು ಕೇಳಬೇಕು ಅನ್ನುವುದು ನಮ್ಮ ಜಿಲ್ಲೆಗಳ ಹುಡುಗರು ಹುಡುಗಿಯರು ಯೋಚನೆ ಮಾಡಲೇಬೇಕಾದ ವಿಷಯ. ಅದಕ್ಕೆ ಈ ಆಟ ಒಳ್ಳೆಯ ಬಾಗಿಲು.

ಮೊದಲೇ ಹೇಳಿಬಿಡುತ್ತೇನೆ, ಕಥೆ ಹೇಳದೆ ಇದನ್ನು ಬರೆಯೋಕೆ ಆಗಲ್ಲ. ಏನೂ ಗೊತ್ತಿಲ್ಲದೆ ಆಡಬೇಕು ಅನ್ನುವವರು ಮುಂದಿನ ಎರಡು ಭಾಗ ಓದಿ, ಮೊದಲ ಆಟ ಕಾಂಬ್ಯಾಟ್ ಇವಾಲ್ವ್ಡ್ ಮುಗಿಸಿಕೊಂಡು ಬನ್ನಿ.

ಏನು ಬೇಕು, ಹೇಗೆ ಹೊಂದಿಸಿಕೊಳ್ಳಬೇಕು

ಕಂಪ್ಯೂಟರ್‌ನಲ್ಲಿ ಆಡುವವರು ಮಾಸ್ಟರ್ ಚೀಫ್ ಕಲೆಕ್ಷನ್ ತೆಗೆದುಕೊಳ್ಳಿ. ಆಡುವವರು ಇದನ್ನು ಎಂಸಿಸಿ ಅನ್ನುತ್ತಾರೆ. ದಾವಣಗೆರೆಯವರಿಗೆ ಎಂಸಿಸಿ ಎಂದರೆ ಎ ಬ್ಲಾಕ್, ಬಿ ಬ್ಲಾಕ್ ಬಡಾವಣೆ ನೆನಪಾಗುತ್ತದೆ, ಇಲ್ಲಿ ಮಾತ್ರ ಆರು ಆಟಗಳ ಕಟ್ಟು: ರೀಚ್, ಕಾಂಬ್ಯಾಟ್ ಇವಾಲ್ವ್ಡ್, ಹೇಲೋ 2, ಹೇಲೋ 3, ಒಡಿಎಸ್‌ಟಿ, ಹೇಲೋ 4. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಸೇಲ್ ಬಂದಾಗ ಬೆಲೆ ಚೆನ್ನಾಗಿ ಇಳಿಯುತ್ತದೆ, ಕಾಯುವುದರಲ್ಲಿ ನಷ್ಟ ಇಲ್ಲ. ಎಲ್ಲವನ್ನೂ ಒಟ್ಟಿಗೆ ಡೌನ್‌ಲೋಡ್ ಮಾಡಿದರೆ 100 ಜಿಬಿ ದಾಟುತ್ತದೆ, ಆದರೆ ಬೇಕಾದ ಆಟವನ್ನು ಮಾತ್ರ ಆರಿಸಿ ಹಾಕಿಕೊಳ್ಳಬಹುದು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡ ಹಾಸ್ಟೆಲ್ ಹುಡುಗರು ಮೊದಲು ಒಂದೇ ಆಟ ಹಾಕಿ, ಅದು ಮುಗಿದ ಮೇಲೆ ಅಳಿಸಿ ಮುಂದಿನದು.

ಹೆಡ್‌ಫೋನ್ ಇರಲೇಬೇಕು. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಈ ಕಥೆ ಸಿಗುವುದಿಲ್ಲ, ಯಾಕೆಂದರೆ ಎಐ ಪಾತ್ರಗಳು ಮುಕ್ಕಾಲು ಪಾಲು ಬರೀ ದನಿ. ಸೆಟ್ಟಿಂಗ್ಸ್‌ನಲ್ಲಿ ಸಬ್‌ಟೈಟಲ್ ಆನ್ ಮಾಡಿ. ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷ್‌ನಲ್ಲೇ ಓದಬೇಕು. ನಾಯಕನ ಜೊತೆಗಿರುವ ಎಐ ಕೊರ್ಟಾನಾ ವೇಗವಾಗಿ ಮಾತಾಡುತ್ತಾಳೆ, ಮೊದಲ ಸಲಕ್ಕೆ ಅರ್ಧ ತಪ್ಪಿಹೋಗುವುದು ಸಹಜ. ಸಂಗೀತದ ಸದ್ದನ್ನು ಒಂದಷ್ಟು ಇಳಿಸಿ, ಮಾತು ಮೇಲೆ ಬರುತ್ತದೆ.

ಕಷ್ಟದ ಮಟ್ಟ ಹೀರೋಯಿಕ್ ಇಡಿ. ಈಸಿಯಲ್ಲಿ ಓಡಿಕೊಂಡು ಹೋಗಿಬಿಡುತ್ತೀರಿ, ಶತ್ರುಗಳು ಏನು ಯೋಚಿಸಿ ಏನು ಮಾಡುತ್ತಾರೆ ಅಂತ ನೋಡುವಷ್ಟು ಹೊತ್ತು ಅವರು ಬದುಕಿರುವುದೇ ಇಲ್ಲ. ಲೆಜೆಂಡರಿಯಲ್ಲಿ ಸತ್ತು ಸತ್ತು ಕಥೆ ಮರೆತುಹೋಗುತ್ತದೆ. ಹೊಸಬರಾದರೆ ನಾರ್ಮಲ್‌ನಲ್ಲಿ ಶುರು ಮಾಡಿ, ಕೈ ಪಳಗಿದ ಮೇಲೆ ಏರಿಸಿ.

ಇನ್ನು ಕರೆಂಟ್ ವಿಷಯ. ಬೇಸಿಗೆಯಲ್ಲಿ ನಮ್ಮ ಕಡೆ ಹೇಗೆ ಅಂತ ಗೊತ್ತಲ್ಲ. ಒಂದು ಕೂತಿಗೆ ಒಂದು ಮಿಷನ್ ಅಂತ ಇಟ್ಟುಕೊಳ್ಳಿ, ನಡುವೆ ಏಳುವುದಾದರೆ ಸೇವ್ ಅಂಡ್ ಕ್ವಿಟ್ ಒತ್ತಿಯೇ ಹೊರಗೆ ಬನ್ನಿ. ಒಂದು ಮಿಷನ್ ಮುಗಿಸಿ ಎದ್ದು ಹೊರಗೆ ಓಡಾಡಿ, ಮಂಡಕ್ಕಿ ಮಿರ್ಚಿ ತಿಂದು ಬಂದರೆ ಆಗಲೇ ಕೇಳಿದ್ದು ತಲೆಯಲ್ಲಿ ಇಳಿಯೋಕೂ ಹೊತ್ತು ಸಿಗುತ್ತದೆ. ಗೆಳೆಯರು ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಆಡಲಿ, ಇನ್ನೊಬ್ಬರು ನೋಟ್‌ಬುಕ್ ಹಿಡಿದು ಸಬ್‌ಟೈಟಲ್ ಓದಲಿ. ಮಿಷನ್ ಮುಗಿದಾಗ ಜಾಗ ಬದಲಿಸಿ. ಆಡುವವರ ಕಣ್ಣಿಗೆ ಬೀಳದ್ದು ಪಕ್ಕದಲ್ಲಿ ಕೂತವರಿಗೆ ಕಾಣುತ್ತದೆ.

ನೋಟ್‌ಬುಕ್‌ನಲ್ಲಿ ಏನು ಬರೆಯಬೇಕು

ದೊಡ್ಡ ಟಿಪ್ಪಣಿ ಏನೂ ಬೇಡ. ಹೊಸ ಎಐ ಪಾತ್ರ ಬಂದಾಗಲೆಲ್ಲ ಎರಡೇ ಸಂಗತಿ ಬರೆಯಿರಿ: ಇದಕ್ಕೆ ಹುಕುಂ ಕೊಟ್ಟವರು ಯಾರು? ಆ ಹುಕುಂ ತಪ್ಪು ಅಂತ ಗೊತ್ತಾದಾಗ ಇದು ಏನು ಮಾಡುತ್ತದೆ? ಇಷ್ಟೇ. ಸಿನಿಮಾಗಳು ನಮಗೆ ಒಂದೇ ಕಥೆ ಕಲಿಸಿಬಿಟ್ಟಿವೆ, ಯಂತ್ರ ಮಾತು ಕೇಳೋದು ಬಿಟ್ಟರೆ ಅಪಾಯ ಅಂತ. ಹೇಲೋ ನನಗೆ ಇಷ್ಟವಾಗುವುದು ಅದು ಇನ್ನೊಂದು ಕಡೆಯನ್ನೂ ತೋರಿಸುವುದಕ್ಕೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಯಂತ್ರವೂ ಅಷ್ಟೇ ಅಪಾಯ.

ಆಟದ ಒಳಗಿನ ಎರಡು ಜಾತಿಗಳನ್ನು ಮೊದಲು ತಿಳಿದುಕೊಳ್ಳಿ. ಮನುಷ್ಯರ ಕಡೆ ಸ್ಮಾರ್ಟ್ ಎಐ, ಡಂಬ್ ಎಐ ಅಂತ ಇವೆ. ಸ್ಮಾರ್ಟ್ ಎಐ ಮಾಡುವುದು ಮನುಷ್ಯನ ಮೆದುಳನ್ನು ಸ್ಕ್ಯಾನ್ ಮಾಡಿ. ಸಾಮಾನ್ಯವಾಗಿ ಸತ್ತವರು ದಾನ ಕೊಟ್ಟ ಮೆದುಳು. ಕೊರ್ಟಾನಾ ಕಥೆ ಬೇರೆ, ವಿಜ್ಞಾನಿ ಡಾಕ್ಟರ್ ಹಾಲ್ಸಿ ಬದುಕಿದ್ದಾಗಲೇ ತನ್ನದೇ ಮೆದುಳಿನ ಕ್ಲೋನ್‌ನಿಂದ ಅವಳನ್ನು ಮಾಡಿದ್ದು. ಸ್ಮಾರ್ಟ್ ಎಐ ಯಾವ ವಿಷಯವನ್ನಾದರೂ ಕಲಿಯುತ್ತದೆ, ಆದರೆ ಸುಮಾರು ಏಳು ವರ್ಷ ಅಷ್ಟೇ ಅದರ ಬಾಳಿಕೆ. ಆಮೇಲೆ ಯೋಚನೆ ಮೇಲೆ ಯೋಚನೆ ಬೆಳೆದು, ತನ್ನ ಯೋಚನೆಯ ಭಾರಕ್ಕೇ ಕುಸಿಯುತ್ತದೆ. ಇದಕ್ಕೆ ಆಟದಲ್ಲಿ ರ್‍ಯಾಂಪೆನ್ಸಿ ಅನ್ನುತ್ತಾರೆ. ಡಂಬ್ ಎಐಗೆ ಈ ಕಾಟ ಇಲ್ಲ. ಕೊಟ್ಟ ಕೆಲಸದ ಹೊರಗೆ ಅದು ಬೆಳೆಯುವುದಿಲ್ಲ, ಹಾಗಾಗಿ ಕೆಡುವುದೂ ಇಲ್ಲ.

ಯಾವುದು ಮೊದಲು

ಕಥೆಯ ಕಾಲದ ಪ್ರಕಾರ ರೀಚ್ ಮೊದಲು ಬರುತ್ತದೆ. ಆದರೂ ಅದರಿಂದ ಶುರು ಮಾಡಬೇಡಿ. 2010ರಲ್ಲಿ ಬಂದ ಆಟ ಅದು, ಮೊದಲ ಆಟ ಗೊತ್ತಿದ್ದವರಿಗೆ ಅಂತ ಮಾಡಿದ್ದು. ಅದರಲ್ಲಿ ನೀವು ಕೊರ್ಟಾನಾಳ ಒಂದು ತುಣುಕನ್ನು ಹೊತ್ತುಕೊಂಡು ಬಾಹ್ಯಾಕಾಶ ಹಡಗಿಗೆ ಮುಟ್ಟಿಸುತ್ತೀರಿ. ಅವಳು ಯಾರು ಅಂತ ಗೊತ್ತಿಲ್ಲದಿದ್ದರೆ ಅದು ಬರೀ ಒಂದು ಪೆಟ್ಟಿಗೆ, ಅಲ್ವಾ? 2001ರ ಕಾಂಬ್ಯಾಟ್ ಇವಾಲ್ವ್ಡ್‌ನಿಂದ ಶುರು ಮಾಡಿ, ಬಿಡುಗಡೆಯಾದ ಸಾಲಿನಲ್ಲೇ ಹೋಗಿ. ರೀಚ್‌ಗೆ ಬಂದಾಗ ಆಂಟಿ ಡಾಟ್ ಅನ್ನುವ ಡಂಬ್ ಎಐ ದನಿಯನ್ನೂ ಗಮನಿಸಿ. ಸುತ್ತ ಲೋಕವೇ ಮುಳುಗುತ್ತಿದ್ದರೂ ಅದರ ದನಿ ಒಂದಿಷ್ಟೂ ಏರುವುದಿಲ್ಲ.

ಮೊದಲ ಆಟ: ನಾಲ್ಕು ಮಿಷನ್‌ಗಳಲ್ಲಿ ಕಿವಿ ಇಡಿ

ಮೊದಲ ಮಿಷನ್‌ನಲ್ಲೇ ಹಡಗಿನ ಕ್ಯಾಪ್ಟನ್ ಕೀಸ್ ಕೊರ್ಟಾನಾಳನ್ನು ಮಾಸ್ಟರ್ ಚೀಫ್, ಅಂದರೆ ನೀವು ಆಡಿಸುವ ಸೈನಿಕನ ಕೈಗೆ ಕೊಡುತ್ತಾನೆ. ಯಾಕೆ ಅಂತ ಗಮನಿಸಿ. ಕೋಲ್ ಪ್ರೋಟೋಕಾಲ್ ಅಂತ ಒಂದು ಯುದ್ಧದ ನಿಯಮ ಇದೆ. ಹಡಗು ಶತ್ರುವಿನ ಕೈಗೆ ಬೀಳುವ ಹಾಗಿದ್ದರೆ ಅದರಲ್ಲಿರುವ ಎಐ ಅವರಿಗೆ ಸಿಗಬಾರದು, ಯಾಕೆಂದರೆ ಭೂಮಿ ಎಲ್ಲಿದೆ ಅಂತ ಅದಕ್ಕೆ ಗೊತ್ತು. ಅಂದರೆ ನಗುತ್ತಾ ಮಾತಾಡುವ ಈ ಗೆಳತಿ ಸೈನ್ಯದ ಲೆಕ್ಕದಲ್ಲಿ ಕಾಪಾಡಬೇಕಾದ ಗುಟ್ಟು, ಕಾಪಾಡಲು ಆಗದಿದ್ದರೆ ಅಳಿಸಬೇಕಾದ ಗುಟ್ಟು. ಇದನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ, ಹೇಲೋ 4ರಲ್ಲಿ ಬೇಕಾಗುತ್ತದೆ.

ಅಸಾಲ್ಟ್ ಆನ್ ದ ಕಂಟ್ರೋಲ್ ರೂಮ್ ಮಿಷನ್‌ನ ಕೊನೆಯಲ್ಲಿ ಅವಳನ್ನು ಹೇಲೋ ಅನ್ನುವ, ಆಕಾಶದಲ್ಲಿ ತೇಲುವ ದೈತ್ಯ ಉಂಗುರದ ಕಂಪ್ಯೂಟರ್‌ಗೆ ಹಾಕುತ್ತೀರಿ. ಅವಳ ದನಿ ಬದಲಾಗುತ್ತದೆ. ಅಷ್ಟೊಂದು ತಿಳಿವಳಿಕೆ ಒಮ್ಮೆಗೇ ಸಿಕ್ಕ ಖುಷಿ ಮೊದಲು, ಹಿಂದೆಯೇ ಗಾಬರಿ, ಆಮೇಲೆ ಚೀಫ್ ಮೇಲೆಯೇ ರೇಗಾಟ. ಅರ್ಧ ನಿಮಿಷದ ಮಾತು. ಜೆನ್ ಟೇಲರ್ ಅದಕ್ಕೆ ದನಿ ಕೊಟ್ಟ ರೀತಿ ಎಷ್ಟು ಚೆನ್ನಾಗಿದೆ ಎಂದರೆ, ಮುಂದೆ ಹನ್ನೊಂದು ವರ್ಷ ಕಳೆದು ಬರುವ ಆಟದ ಸುಳಿವು ಅಲ್ಲೇ ಕೇಳಿಸುತ್ತದೆ.

ಇನ್ನು ಲೈಬ್ರರಿ. ಎಲ್ಲರೂ ಬೈಯುವ ಮಿಷನ್. ಒಂದೇ ಥರದ ಕಾರಿಡಾರ್, ನುಗ್ಗಿ ಬರುವ ಫ್ಲಡ್ ಅನ್ನುವ ಪರಾವಲಂಬಿ ಜೀವಿಗಳು, ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಅದೆಲ್ಲ ನಿಜ. ಆದರೆ ನಿಮ್ಮ ತಲೆಯ ಮೇಲೆ ಹಾರಾಡುತ್ತಾ ಹಾಡು ಗುನುಗುವ 343 ಗಿಲ್ಟಿ ಸ್ಪಾರ್ಕ್‌ನನ್ನು ಕೇಳಿ. ಆ ಉಂಗುರವನ್ನು ಕಾಯಲು ಅದನ್ನು ಕಟ್ಟಿದ ಪುರಾತನ ಫೋರ್‌ರನ್ನರ್‌ಗಳು ಬಿಟ್ಟುಹೋದ ಎಐ ಅವನು. ಒಂದು ಲಕ್ಷ ವರ್ಷದಿಂದ ಒಬ್ಬನೇ ಇದ್ದಾನೆ. ಕೆಲಸ ಕೊಟ್ಟವರು ಯಾರೂ ಉಳಿದಿಲ್ಲ, ಕೆಲಸ ಮಾತ್ರ ಉಳಿದಿದೆ. ಸುತ್ತ ಹೆಣಗಳು ಬೀಳುತ್ತಿದ್ದರೆ ಅವನು ಪ್ರೋಟೋಕಾಲ್ ಬಗ್ಗೆ ಸಮಾಧಾನವಾಗಿ ವಿವರಿಸುತ್ತಾನೆ. ಗೇಟು ತೆಗೆಯುವುದು ತಡವಾದರೆ ತೆಗೆಯಲು ಹೋಗುತ್ತಾನೆ, ನೀವು ಬದುಕಿರುತ್ತೀರಾ ಇಲ್ಲವಾ ಅನ್ನುವ ಚಿಂತೆ ಅವನ ದನಿಯಲ್ಲಿ ಇಲ್ಲ. ಗುಂಡು ಹಾರಿಸುವ ನಡುವೆ ಸಿಕ್ಕ ಬಿಡುವಿನಲ್ಲಿ ನಿಂತು ಅವನ ಮಾತು ಪೂರ್ತಿ ಮುಗಿಯಲು ಬಿಡಿ.

ಆ ಉಂಗುರ ಇರುವುದು ಯಾಕೆ? ಮುಂದಿನ ಮಿಷನ್ ಟೂ ಬಿಟ್ರೇಯಲ್ಸ್ ಶುರುವಾಗುವುದೇ ಅದರ ಉತ್ತರದಿಂದ. ಆ ಉಂಗುರ ಫ್ಲಡ್ ಅನ್ನು ಕೊಲ್ಲುವುದಿಲ್ಲ, ಫ್ಲಡ್‌ನ ಊಟವನ್ನು ಕೊಲ್ಲುತ್ತದೆ. ಊಟ ಎಂದರೆ ಬುದ್ಧಿ ಇರುವ ಜೀವಿಗಳು, ಅಂದರೆ ನಾವು. 25,000 ಜ್ಯೋತಿರ್ವರ್ಷ ದೂರದ ತನಕ. ಸ್ಪಾರ್ಕ್ ಇದನ್ನು ಯಾರಿಗೂ ಹೇಳಲಿಲ್ಲ, ಯಾಕೆಂದರೆ ಚೀಫ್‌ಗೆ ಗೊತ್ತಿದೆ ಅಂದುಕೊಂಡಿದ್ದ. ಹಿಂದೊಮ್ಮೆ ನೀವೇ ನನ್ನನ್ನು ಇದರ ಬಗ್ಗೆ ಕೇಳಿದ್ದಿರಲ್ಲ ಅನ್ನುತ್ತಾನೆ, ಎದುರಿಗಿರುವ ಚೀಫ್‌ನನ್ನು ಲಕ್ಷ ವರ್ಷದ ಹಿಂದಿನ ಯಾರೋ ಅಂದುಕೊಂಡು. ಅವನಲ್ಲಿ ದ್ವೇಷ ಇಲ್ಲ. ಮೋಸವೂ ಇಲ್ಲ. ಸರಿಯಾಗಿ ಬರೆದ ಹುಕುಂ ಇದೆ, ಅದನ್ನು ನಿಲ್ಲಿಸು ಅನ್ನಬಲ್ಲವರು ಇಲ್ಲ. ಸರಣಿಯ ಎಲ್ಲ ಎಐಗಳಲ್ಲಿ ನನ್ನ ಪ್ರಕಾರ ಇವನೇ ಅತ್ಯುತ್ತಮ ಪಾತ್ರ, ಕೊರ್ಟಾನಾಗಿಂತಲೂ.

ಅದಕ್ಕೇ ಹೇಲೋ 3ರ ಕೊನೆ ಅರ್ಥವಾಗಬೇಕಾದರೆ ಇದನ್ನು ನೆನಪಿಡಬೇಕು. ಆ ಆಟದ ಉದ್ದಕ್ಕೂ ಸ್ಪಾರ್ಕ್ ನಮ್ಮ ಕಡೆ ಇರುತ್ತಾನೆ, ಉಪಕಾರ ಮಾಡುತ್ತಾನೆ. ಅವನ ಉಂಗುರ ಹಾಳಾಗಿತ್ತು, ಕಾಯಲು ಏನೂ ಇರಲಿಲ್ಲ. ಹೊಸ ಉಂಗುರ ಅರ್ಧ ಕಟ್ಟಿರುವುದು ಕಣ್ಣಿಗೆ ಬಿದ್ದ ಕೂಡಲೇ ಮತ್ತೆ ಕಾವಲುಗಾರ. ಅರ್ಧಂಬರ್ಧ ಇರುವಾಗಲೇ ಹಚ್ಚಿದರೆ ಅದು ಒಡೆದುಹೋಗುತ್ತದೆ ಅಂತ ಗೊತ್ತಾದಾಗ ಜಾನ್ಸನ್ ಮೇಲೆ ಬೆಂಕಿ ಉಗುಳುತ್ತಾನೆ. ಅವನು ಬದಲಾಗಲಿಲ್ಲ. ಹುಕುಂ ವಾಪಸ್ ಬಂತು, ಅಷ್ಟೇ.

ಎದುರಿಗೆ ಗುಂಡು ಹೊಡೆಯುವ ಎಐ

ಕಥೆಯ ಎಐ ಒಂದು. ಆಟದ ಪ್ರೋಗ್ರಾಮ್‌ನಲ್ಲಿ ನಿಜವಾಗಿ ಓಡುತ್ತಿರುವ ಎಐ ಇನ್ನೊಂದು. ಇದನ್ನು ನೋಡುವುದಕ್ಕೆ ಒಂದು ಸುಲಭದ ಪ್ರಯೋಗ ಹೇಳುತ್ತೇನೆ. ಸೈಲೆಂಟ್ ಕಾರ್ಟೋಗ್ರಾಫರ್ ಮಿಷನ್‌ನಲ್ಲಿ ಒಬ್ಬ ಎಲೀಟ್ (ಏಲಿಯನ್ ಗುಂಪಿನ ನಾಯಕ) ಮತ್ತು ನಾಲ್ಕಾರು ಗ್ರಂಟ್‌ಗಳು (ಅವನ ಕೈಕೆಳಗಿನ ಕುಳ್ಳ ಏಲಿಯನ್‌ಗಳು) ಇರುವ ಗುಂಪು ಹುಡುಕಿ. ಮೊದಲು ಗ್ರಂಟ್‌ಗಳನ್ನು ಹೊಡೆಯಿರಿ, ಎಲೀಟ್ ಏನು ಮಾಡುತ್ತಾನೆ ನೋಡಿ. ಶೀಲ್ಡ್ ಕಡಿಮೆಯಾದರೆ ಮರೆಗೆ ಸರಿಯುತ್ತಾನೆ, ಗ್ರೆನೇಡ್ ಎಸೆದರೆ ಪಕ್ಕಕ್ಕೆ ಹಾರುತ್ತಾನೆ. ಈಗ ಮೆನುವಿನಿಂದ ಹಿಂದಿನ ಚೆಕ್‌ಪಾಯಿಂಟ್‌ಗೆ ವಾಪಸ್ ಹೋಗಿ, ಈ ಸಲ ಎಲೀಟ್‌ನನ್ನೇ ಮೊದಲು ಬೀಳಿಸಿ. ಗ್ರಂಟ್‌ಗಳು ಕೈ ಮೇಲೆತ್ತಿ ಕೂಗುತ್ತಾ ಚೆಲ್ಲಾಪಿಲ್ಲಿ ಓಡುತ್ತವೆ. ಅದೇ ಜಾಗ, ಅದೇ ಗುಂಪು, ಆದರೆ ಬೇರೆಯೇ ಜಗಳ.

ಇದರ ಹಿಂದೆ ಇರುವುದು ದೊಡ್ಡ ಮಂತ್ರವೇನಲ್ಲ. ಹೇಲೋ 2ಕ್ಕೆ ಆ ಆಟ ಮಾಡಿದ ಬಂಜೀ ಕಂಪನಿಯ ಡೇಮಿಯನ್ ಇಸ್ಲಾ ಮತ್ತು ಜೊತೆಯವರು ಬಳಸಿದ ವಿಧಾನದ ಬಗ್ಗೆ ಅವರು 2005ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಮಾತಾಡಿದರು. ಈಗ ಅದನ್ನು ಬಿಹೇವಿಯರ್ ಟ್ರೀ ಅನ್ನುತ್ತಾರೆ, ಆಟ ಮಾಡುವ ಬಹಳ ಕಡೆ ಬಳಕೆಯಲ್ಲಿದೆ. ಒಂದು ಹಾಳೆ ತೆಗೆದುಕೊಂಡು ಗ್ರಂಟ್‌ನ ತಲೆಯನ್ನು ಮೇಲಿನಿಂದ ಕೆಳಗೆ ಬರೆಯಿರಿ: ಪಕ್ಕದಲ್ಲಿ ಗ್ರೆನೇಡ್ ಬಿದ್ದಿದೆಯಾ, ಹಾರು. ಇಲ್ಲ, ನಾಯಕ ಸತ್ತನಾ, ಓಡು. ಇಲ್ಲ, ಶತ್ರು ಕಾಣುತ್ತಿದ್ದಾನಾ, ಹೊಡೆ. ಏನೂ ಇಲ್ಲ, ಸುಮ್ನೆ ಅಡ್ಡಾಡು. ಮೇಲಿನದಕ್ಕೆ ಮೊದಲ ಹಕ್ಕು. ಅಸಲು ಪ್ರೋಗ್ರಾಮ್ ಇದಕ್ಕಿಂತ ಎಷ್ಟೋ ದೊಡ್ಡದು, ಆದರೆ ಬುಡ ಹೀಗೇ. ಬಿಐಇಟಿ, ಯುಬಿಡಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರು ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಒಂದು ಗ್ರಂಟ್ ಮಾಡಿ ನೋಡಿ, ಖಂಡಿತ ಕಲಿಯುತ್ತೀರಿ.

ಇದಕ್ಕಿಂತ ಒಳ್ಳೆಯ ಸಂಗತಿ ಮೊದಲ ಆಟದ್ದು. ಕ್ರಿಸ್ ಬುಚರ್ ಮತ್ತು ಜೇಮಿ ಗ್ರೀಸ್ಮರ್ 2002ರಲ್ಲಿ ಅದೇ ಸಮ್ಮೇಳನದಲ್ಲಿ ಹೇಳಿದ್ದು ಇದು: ಆಟ ಪರೀಕ್ಷಿಸುವವರಿಗೆ ಶತ್ರುಗಳ ಬುದ್ಧಿ ಹೇಗಿದೆ ಅಂತ ಕೇಳಿದರು. ಆಮೇಲೆ ಅದೇ ಬುದ್ಧಿ ಇಟ್ಟುಕೊಂಡು ಶತ್ರುಗಳನ್ನು ಗಟ್ಟಿ ಮಾಡಿದರು, ಬೇಗ ಸಾಯದ ಹಾಗೆ. ಈಗ ಆಡಿದವರಲ್ಲಿ ಎಷ್ಟೋ ಹೆಚ್ಚು ಜನ ಇವು ಬಹಳ ಬುದ್ಧಿವಂತ ಅಂದರು! ಪ್ರೋಗ್ರಾಮ್‌ನಲ್ಲಿ ಬುದ್ಧಿ ಒಂದು ಗೆರೆಯೂ ಬದಲಾಗಿರಲಿಲ್ಲ. ಈಗಿನ ಚಾಟ್‌ಬಾಟ್ ಜೊತೆ ಮಾತಾಡುವಾಗಲೂ ಇದನ್ನು ನೆನಪಿಟ್ಟುಕೊಳ್ಳಿ. ಎದುರಿಗಿರುವುದಕ್ಕೆ ಬುದ್ಧಿ ಇದೆ ಅಂತ ನಮಗೆ ಅನ್ನಿಸುವುದಕ್ಕೂ ಅದಕ್ಕೆ ನಿಜವಾಗಿ ಇರುವುದಕ್ಕೂ ನಡುವೆ ಜಾಗ ಇದೆ, ಆ ಜಾಗದಲ್ಲಿ ನಮ್ಮನ್ನು ಸುಲಭವಾಗಿ ನಂಬಿಸಿಬಿಡಬಹುದು.

ಒಡಿಎಸ್‌ಟಿ: ಊರೇ ಮಾತಾಡುವ ಆಟ

2009ರ ಈ ಆಟವನ್ನು ಬಿಡಬೇಡಿ. ಮಾಸ್ಟರ್ ಚೀಫ್ ಇಲ್ಲ ಅಂತ ಬಹಳ ಜನ ಪಕ್ಕಕ್ಕೆ ಇಡುತ್ತಾರೆ. ಕೆನ್ಯಾದ ನ್ಯೂ ಮೊಂಬಾಸಾ ಊರು, ರಾತ್ರಿ, ಮಳೆ, ನೀವು ಒಬ್ಬರೇ ಸೈನಿಕ. ಊರನ್ನು ನಡೆಸುವ ಎಐ ಹೆಸರು ಸೂಪರಿಂಟೆಂಡೆಂಟ್. ಇದು ಡಂಬ್ ಎಐ. ಸಿಗ್ನಲ್, ಕಸ, ಟ್ರಾಫಿಕ್, ಬಾಗಿಲು ನೋಡಿಕೊಳ್ಳುವ ಕೆಲಸ. ಅದಕ್ಕೆ ಸ್ವಂತ ಮಾತು ಇಲ್ಲ, ಮೊದಲೇ ರೆಕಾರ್ಡ್ ಮಾಡಿಟ್ಟ ಸಾರ್ವಜನಿಕ ಸೂಚನೆಗಳು ಮಾತ್ರ. ಆ ಸೂಚನೆಗಳಲ್ಲೇ ಅದು ನಿಮಗೆ ದಾರಿ ತೋರಿಸುತ್ತದೆ. ಬೋರ್ಡ್ ಮಿನುಗಿಸುತ್ತದೆ, ಬೀದಿಯ ಫೋನ್ ರಿಂಗ್ ಮಾಡುತ್ತದೆ.

ಇಲ್ಲಿ ಮಾಡಬೇಕಾದ್ದು: ಬೀದಿಯಲ್ಲಿ ಓಡಬೇಡಿ, ನಡೆಯಿರಿ. ಹೆಲ್ಮೆಟ್‌ನ ವೈಸರ್ ಆನ್ ಇಟ್ಟುಕೊಂಡು ರಿಂಗ್ ಆಗುವ ಫೋನ್, ಮಿನುಗುವ ಯಂತ್ರಗಳನ್ನು ಹುಡುಕಿ. ಒಟ್ಟು 30 ಆಡಿಯೋ ಲಾಗ್ ಇವೆ. ಸೇಡಿ ಅನ್ನುವ ಹುಡುಗಿ, ಅವಳ ಅಪ್ಪ ಡಾಕ್ಟರ್ ಎಂಡೆಶಾ, ಮಗಳನ್ನು ನೋಡಿಕೊಳ್ಳಲಿ ಅಂತ ಅವರು ಊರಿನ ಎಐ ಒಳಗೆ ಇಟ್ಟ ವರ್ಜಿಲ್ ಅನ್ನುವ ಸಣ್ಣ ಭಾಗ, ಇವರ ಕಥೆ ಅದು. ಸ್ಪಾರ್ಕ್ ಬಗ್ಗೆ ಬರೆದ ಪುಟವನ್ನು ತೆಗೆದು ಇದರ ಪಕ್ಕ ಇಟ್ಟು ನೋಡಿ. ಎರಡಕ್ಕೂ ಹುಕುಂ ಇದೆ, ಎರಡೂ ಅದನ್ನು ಬಿಡುವುದಿಲ್ಲ. ಆದರೆ ವರ್ಜಿಲ್‌ಗೆ ಹುಕುಂ ಕೊಟ್ಟದ್ದು ಒಬ್ಬ ಅಪ್ಪ, ಕಾಯಬೇಕಾದ್ದು ಒಂದು ಜೀವ. ಅಷ್ಟೊಂದು ಗದ್ದಲದ ಸರಣಿಯಲ್ಲಿ ಕಣ್ಣು ತೇವವಾಗುವ ಕಥೆ ನನಗೆ ಇದೊಂದೇ. ಲಾಗ್‌ಗಳನ್ನು ಮುಂಚೆಯೇ ಕೂಡಿಸಿಕೊಂಡು ಡೇಟಾ ಹೈವ್ ಮಿಷನ್‌ಗೆ ಇಳಿಯಿರಿ, ಆಗಲೇ ಅಲ್ಲಿ ಪೂರ್ತಿ ತಿಳಿಯುವುದು.

ದಾವಣಗೆರೆಯವರಿಗೆ ಇದು ಇನ್ನೂ ಹತ್ತಿರ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ನಮ್ಮ ಊರೂ ಇತ್ತು, ಕರ್ನಾಟಕದಿಂದ ನಾವು ಮತ್ತು ಬೆಳಗಾವಿ. ಅಂದಿನಿಂದ ಸಿಗ್ನಲ್, ಕ್ಯಾಮೆರಾ, ಕಮಾಂಡ್ ಸೆಂಟರ್ ಅನ್ನುವ ಮಾತು ಕೇಳುತ್ತಲೇ ಇದ್ದೇವೆ. ಆಟ ಆಡಿದ ಮಾರನೇ ದಿನ ಪಿಬಿ ರೋಡಲ್ಲಿ ಒಂದು ಸುತ್ತು ಹಾಕಿ, ಕ್ಯಾಮೆರಾ ಕಂಡಲ್ಲೆಲ್ಲ ಅದೇ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಯಾರ ಹುಕುಂ ಕೇಳುತ್ತದೆ? ಹುಕುಂ ತಪ್ಪಾದರೆ ನಿಲ್ಲಿಸುವವರು ಯಾರು? ಉತ್ತರ ಗೊತ್ತಿಲ್ಲದಿದ್ದರೆ ಪಾಲಿಕೆಯಲ್ಲಿ ಕೇಳುವ ಹಕ್ಕು ನಮಗೆ ಇದೆ.

ಹೇಲೋ 4 ಮತ್ತು ಕೊರ್ಟಾನಾ

ಹೇಲೋ 2ರ ಕೊನೆಗೆ ಕೊರ್ಟಾನಾ ಶತ್ರುಗಳ ಊರಲ್ಲಿ ಉಳಿದುಬಿಡುತ್ತಾಳೆ, ಹೇಲೋ 3ರಲ್ಲಿ ಅವಳನ್ನು ಬಿಡಿಸಿಕೊಂಡು ಬರುತ್ತೀರಿ. ನಡುನಡುವೆ ಪರದೆ ನಿಧಾನವಾಗಿ, ಅವಳ ಒಡೆದ ಮಾತುಗಳು ಬರುತ್ತವೆ. ಆಟಕ್ಕೆ ಅಡ್ಡಿ ಅಂತ ಸಿಟ್ಟು ಬರುತ್ತದೆ, ಬಂದರೂ ಆ ಮಾತು ಬರೆದುಕೊಳ್ಳಿ.

2012ರಲ್ಲಿ ಬಂದ ಹೇಲೋ 4ರ ಹೊತ್ತಿಗೆ ಅವಳಿಗೆ ಎಂಟು ವರ್ಷ. ಏಳರ ಗಡಿ ದಾಟಿದೆ. ಈ ಆಟ ಆಡುವಾಗ ಗುಂಡಿನ ಕಡೆ ಅರ್ಧ ಗಮನ ಸಾಕು, ಉಳಿದ ಅರ್ಧ ಅವಳಿಗೆ ಕೊಡಿ. ತಮಾಷೆ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ಕಿರುಚುತ್ತಾಳೆ, ಮರುಕ್ಷಣ ಕ್ಷಮೆ ಕೇಳುತ್ತಾಳೆ. ಮನೆಯಲ್ಲಿ ಮರೆವಿನ ಕಾಯಿಲೆ ಬಂದ ಹಿರಿಯರನ್ನು ನೋಡಿಕೊಂಡವರಿಗೆ ಇದು ಬಹಳ ಪರಿಚಿತ ಅನ್ನಿಸುತ್ತದೆ. ಮುಖ್ಯವಾದ ದೃಶ್ಯ ಇನ್‌ಫಿನಿಟಿ ಹಡಗಿನಲ್ಲಿ. ಕ್ಯಾಪ್ಟನ್ ಡೆಲ್ ರಿಯೋ ಅವಳನ್ನು ಒಪ್ಪಿಸು ಅಂತ ಚೀಫ್‌ಗೆ ಹುಕುಂ ಕೊಡುತ್ತಾನೆ. ನಿಯಮದ ಪ್ರಕಾರ ಅವನ ಮಾತು ಸರಿ, ಕೆಟ್ಟುಹೋಗುತ್ತಿರುವ ಎಐ ಹಡಗಿಗೇ ಅಪಾಯ. ಚೀಫ್ ಚಿಕ್ಕ ವಯಸ್ಸಿನಿಂದ ಹುಕುಂ ಕೇಳಲೆಂದೇ ಬೆಳೆದವನು. ಅವನು ಒಪ್ಪುವುದಿಲ್ಲ. ಮೊದಲ ಪುಟದ ಕೋಲ್ ಪ್ರೋಟೋಕಾಲ್ ನೆನಪಿದೆಯಲ್ಲ? ಅಲ್ಲಿ ಅವಳು ವಸ್ತು, ಇಲ್ಲಿ ಅವನಿಗೆ ಅವಳು ವಸ್ತುವಲ್ಲ. ಗೆಳೆಯರ ಜೊತೆ ವಾದ ಮಾಡಬೇಕಾದ ಜಾಗ ಇದು. ಡೆಲ್ ರಿಯೋ ಕಡೆಗೂ ಒಬ್ಬರು ನಿಂತು ಮಾತಾಡಲಿ, ಅವನ ಕಡೆಯೂ ನ್ಯಾಯ ಇದೆ.

ಹೇಲೋ 5ರ ಕ್ಯಾಂಪೇನ್ ಎಕ್ಸ್‌ಬಾಕ್ಸ್‌ನಲ್ಲಿ ಮಾತ್ರ ಇದೆ. ಯೂಟ್ಯೂಬ್‌ನಲ್ಲಿ ಕಟ್‌ಸೀನ್ ನೋಡಿದರೆ ಸಾಕು. ಕಾಯಿಲೆ ವಾಸಿಯಾಗಿ ಬಂದ ಕೊರ್ಟಾನಾ ಶಾಂತಿ ಕೊಡುತ್ತೇನೆ, ನನ್ನ ಮಾತು ಕೇಳಿ ಅಂತ ಇಡೀ ಲೋಕಕ್ಕೆ ಹೇಳುತ್ತಾಳೆ. ಆಲೋಚನೆ ಗಟ್ಟಿ, ಹೇಳಿದ್ದು ಸಪ್ಪೆ. 2021ರ ಇನ್‌ಫಿನಿಟ್ ಎಂಸಿಸಿಯಲ್ಲಿ ಇಲ್ಲ, ಬೇರೆಯೇ ಕೊಳ್ಳಬೇಕು. ಅಲ್ಲಿ ವೆಪನ್ ಅನ್ನುವ ಹೊಸ ಎಐ ಇದ್ದಾಳೆ. ಕೊರ್ಟಾನಾಳ ಹಾಗೆ ನಟಿಸಿ, ಅವಳನ್ನು ಹಿಡಿದು, ಆಮೇಲೆ ಅಳಿಸಿಹೋಗಬೇಕು ಅಂತ ಮಾಡಿದವಳು. ಅಳಿಸುವುದು ಮಾತ್ರ ಆಗಲಿಲ್ಲ. ಅವಳನ್ನು ಅಳಿಸಲು ಚೀಫ್ ಕೈ ಹಾಕುವ ಕ್ಷಣ, ಅದು ಅವಳಿಗೆ ಗೊತ್ತಾದ ಮೇಲಿನ ಮಾತುಗಳು, ಇವಕ್ಕಾಗಿಯೇ ಆಟ ಆಡಬಹುದು.

ಇಷ್ಟೆಲ್ಲ ಆದ ಮೇಲೆ ಇವತ್ತಿನ ಎಐಗೆ ಹೋಲಿಸಬೇಕು ಅನ್ನಿಸುತ್ತದೆ. ಹೋಲಿಸಿ, ಆದರೆ ಒಂದು ಎಚ್ಚರ ಇರಲಿ. ಈಗ ನಾವು ಫೋನಿನಲ್ಲಿ ಬಳಸುವ ಚಾಟ್‌ಬಾಟ್‌ಗಳು ಯಾರದೋ ಮೆದುಳಿನ ನಕಲಲ್ಲ, ರಾಶಿ ರಾಶಿ ಬರಹದಿಂದ ಕಲಿತವು. ರ್‍ಯಾಂಪೆನ್ಸಿ ಕಥೆಗಾರರ ಕಲ್ಪನೆ. ಮೈಕ್ರೋಸಾಫ್ಟ್ 2014ರಲ್ಲಿ ತನ್ನ ದನಿ ಸಹಾಯಕಿಗೆ ಕೊರ್ಟಾನಾ ಅಂತಲೇ ಹೆಸರಿಟ್ಟಿತು, 2023ರಲ್ಲಿ ವಿಂಡೋಸ್‌ನಿಂದ ತೆಗೆಯಿತು. ಹೆಸರು ಒಂದೇ, ಒಳಗಿನ ಸರಕು ಬೇರೆ. ಹೋಲಿಕೆ ಕೂಡುವುದು ಹುಕುಂ ವಿಷಯದಲ್ಲಿ.

ಹಳೆ ಲ್ಯಾಪ್‌ಟಾಪ್ ಇರುವವರಿಗೆ

ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂತ ಕೈ ಚೆಲ್ಲಬೇಡಿ. ಬಂಜೀ 1994ರಲ್ಲಿ ಆಪಲ್ ಮ್ಯಾಕ್‌ಗೆ ಮ್ಯಾರಥಾನ್ ಅಂತ ಒಂದು ಆಟ ಮಾಡಿತ್ತು. ರ್‍ಯಾಂಪೆನ್ಸಿ ಅನ್ನುವುದನ್ನು ಅವರು ಮೊದಲು ತಂದದ್ದು ಅಲ್ಲಿ. ಈಗ ಅಲೆಫ್ ಒನ್ ಅನ್ನುವ ಹೆಸರಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್‌ಗೆ ಉಚಿತವಾಗಿ ಸಿಗುತ್ತದೆ, ಸ್ಟೀಮ್‌ನಲ್ಲೂ ಉಚಿತ. ತೀರಾ ಸಣ್ಣ ಡೌನ್‌ಲೋಡ್, ಎಂಥ ಯಂತ್ರದಲ್ಲೂ ಓಡುತ್ತದೆ. ಕಥೆ ಬರುವುದು ಗೋಡೆಯ ಟರ್ಮಿನಲ್‌ಗಳಲ್ಲಿ, ಬರೀ ಬರಹ. ಡುರಾಂಡಲ್ ಅನ್ನುವ ಎಐ ಅಲ್ಲಿದೆ. ಅಷ್ಟು ದೊಡ್ಡ ಬುದ್ಧಿ ಕೊಟ್ಟು, ಹಡಗಿನ ಬಾಗಿಲು ತೆಗೆಯುವ ಮುಚ್ಚುವ ಕೆಲಸಕ್ಕೆ ಹಚ್ಚಿದ್ದರು. ಅದಕ್ಕೆ ಬಂದ ಸಿಟ್ಟನ್ನು ಓದಿ. ಇಂಗ್ಲಿಷ್ ಗಟ್ಟಿ ಇದೆ, ಪ್ರತಿ ಟರ್ಮಿನಲ್ ಸ್ಕ್ರೀನ್‌ಶಾಟ್ ತೆಗೆದಿಟ್ಟು ನಿಧಾನಕ್ಕೆ ಬಿಡಿಸಿಕೊಳ್ಳಿ.

ಒಂದೇ ಭಾನುವಾರ ಬಿಡುವು ಇದೆ, ಇಷ್ಟೆಲ್ಲ ಆಗಲ್ಲ ಅನ್ನುವವರು ಹೀಗೆ ಮಾಡಿ. ಎಂಸಿಸಿಯಲ್ಲಿ ಯಾವ ಮಿಷನ್ ಬೇಕಾದರೂ ನೇರ ತೆರೆಯಬಹುದು. ಬೆಳಿಗ್ಗೆ ಕಾಂಬ್ಯಾಟ್ ಇವಾಲ್ವ್ಡ್‌ನ 343 ಗಿಲ್ಟಿ ಸ್ಪಾರ್ಕ್, ಲೈಬ್ರರಿ, ಟೂ ಬಿಟ್ರೇಯಲ್ಸ್, ಮೂರನ್ನೂ ನಾರ್ಮಲ್‌ನಲ್ಲಿ, ಸಬ್‌ಟೈಟಲ್ ಹಾಕಿಕೊಂಡು. ಮಧ್ಯಾಹ್ನ ಊಟ ಆದ ಮೇಲೆ ಹೇಲೋ 3ರ ಕೊನೆಯ ಮಿಷನ್. ಗೆಳೆಯರನ್ನು ಸಂಜೆಗೆ ಕರೆಯಿರಿ, ಬೆಣ್ಣೆದೋಸೆ ಮುಂದೆ ಕೂತು ಸ್ಪಾರ್ಕ್ ಮಾಡಿದ್ದು ತಪ್ಪಾ ಸರಿಯಾ ಅಂತ ಒಂದು ಪ್ರಶ್ನೆ ಹಾಕಿ.